ರಸಭರಿತ ಸಸ್ಯಗಳ ಬೀಜಗಳು

ಎಲೆಯಲ್ಲಿಯೋ ಕಾಂಡದಲ್ಲಿಯೋ ನೀರನ್ನು ಕೂಡಿಟ್ಟುಕೊಂಡು ನೀರಿಲ್ಲದ ದಿನಗಳನ್ನು ಕಳೆಯುವ ಗಿಡಗಳಿಗೆ ರಸಭರಿತ ಸಸ್ಯಗಳೆಂದು ಹೆಸರು. ಲೋಳೆಸರ, ಕತ್ತಾಳೆ, ಕಾಡುಬಸಳೆ, ಪಾಪಾಸುಕಳ್ಳಿ ಇವೆಲ್ಲ ಈ ಗುಂಪಿನವು. ಮುಂಬಯಿಯ ಚಾಳುಗಳ ಗ್ಯಾಲರಿಗಳಲ್ಲಿ, ಕಿಟಕಿಯ ಕಂಬಿಗಳ ಬಳಿ, ಹಳೆಯ ಡಬ್ಬಿಗಳಲ್ಲಿ ಇಂತಹವು ಬೆಳೆಯುವುದನ್ನು ನಾವು ದಿನವೂ ಕಾಣುತ್ತೇವೆ. ಇವುಗಳನ್ನು ಬೆಳೆಸುವ ಬಗೆ ಯಾವುದೆಂದು ತರಗತಿಯಲ್ಲಿ ಕೇಳಿದರೆ, "ಒಂದು ತುಂಡು ಮುರಿದು ನೆಟ್ಟರಾಯಿತು" ಎಂಬ ಉತ್ತರ ಬರುತ್ತದೆ. ಉತ್ತರವೇನೋ ಸರಿ. ಆದರೆ ತುಂಡಿನಿಂದ ಎದ್ದುದು ಹೊಸ ಗಿಡವಲ್ಲ; ಹಳೆಯ ಗಿಡವೇ ಇನ್ನೊಂದು ಕುಂಡದಲ್ಲಿ ಮುಂದುವರಿದುದು. ಮೊದಲಿನದು ಕೆಂಪು ಹೂ ಬಿಡುತ್ತಿದ್ದರೆ ಅದೂ ಕೆಂಪು ಹೂವನ್ನೇ ಬಿಡುವುದು. ಬೀಜದಿಂದ ಹುಟ್ಟಿದುದು ಹಾಗಲ್ಲ. ಒಂದು ಹೂವಿನ ಪರಾಗವನ್ನು ಜೇನುನೊಣ ಮತ್ತೊಂದು ಗಿಡದ ಹೂವಿಗೆ ಒಯ್ದಿದ್ದರೆ ಎರಡು ಗಿಡಗಳ ಗುಣಗಳೂ ಆ ಬೀಜದಲ್ಲಿ ಬೆರೆತಿರುತ್ತವೆ. ಅಂತಹ ಸಸಿ ಜಗತ್ತಿನಲ್ಲಿ ಅದೊಂದೇ.

ಮೊದಲ ಪ್ರಯೋಗಕ್ಕೆ ನಾವು ಆರಿಸತಕ್ಕದ್ದು ಟೇಬಲ್ ರೋಸ್ ಎಂಬ ಪುಟ್ಟ ಗಿಡವನ್ನು. ನೆರೆಯ ಮರಾಠಿ ಮನೆಗಳಲ್ಲಿ ಇದಕ್ಕೆ 'ಆಫೀಸ್ ಟೈಮ್' ಎನ್ನುತ್ತಾರೆ. ಜನರು ಕಚೇರಿಗೆ ಹೊರಡುವ ಹೊತ್ತಿಗೆ ಅರಳುವ ಹೂವಿಗೆ ಇದಕ್ಕಿಂತ ಒಪ್ಪುವ ಹೆಸರುಂಟೇ! ಇದರ ತವರು ದಕ್ಷಿಣ ಅಮೆರಿಕ. ನಮ್ಮ ಗೋಣಿಸೊಪ್ಪು, ಎಂದರೆ ಇಲ್ಲಿನ ಸಂತೆಯ 'ಘೋಳ್', ಇದರ ಹತ್ತಿರದ ಬಂಧು. ಅರಳಿದ ಹೂವಿನ ಕೇಸರಗಳನ್ನು ಹುಲ್ಲುಕಡ್ಡಿಯಿಂದ ಮೆಲ್ಲನೆ ಮುಟ್ಟಿ ನೋಡಿರಿ, ಅವು ಮುಟ್ಟಿದ ಕಡೆಗೆ ಬಾಗುತ್ತವೆ. ಹೂವಿಗೆ ಬಂದ ನೊಣದ ಮೈಗೆ ಪರಾಗ ಮೆತ್ತಿಕೊಳ್ಳಲು ಇದು ಅನುಕೂಲ. ಒಂದೇ ಸುತ್ತಿನ ಎಸಳುಗಳುಳ್ಳ ಹೂಗಳನ್ನೇ ಬೀಜಕ್ಕಾಗಿ ಬಿಡಬೇಕು. ಹಲವು ಸುತ್ತಿನವು ನೋಟಕ್ಕೆ ಚೆನ್ನ, ಬೀಜ ಕಟ್ಟುವುದು ಕಡಿಮೆ.

ಹೂ ಬಾಡಿದ ಮೇಲೆ ಅದರ ಬುಡದಲ್ಲಿ ಬಟಾಣಿಗಿಂತ ಚಿಕ್ಕದಾದ ಕಾಯಿಯೊಂದು ಉಬ್ಬುತ್ತದೆ. ಹಸುರಾಗಿರುವಾಗ ಅದನ್ನು ಕೀಳಲಾಗದು. ಬಲಿತು ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ, ಕರಡಿಗೆಯ ಮುಚ್ಚಳದಂತೆ ಅದರ ಮೇಲರ್ಧ ಕಳಚಿ ಬರುತ್ತದೆ. ಒಳಗೆ ಉಕ್ಕಿನ ಹೊಳಪಿನ, ರಾಗಿಗಿಂತಲೂ ಸಣ್ಣ ಬೀಜಗಳು. ಒಂದು ಗಾಳಿ ಬೀಸಿದರೆ ಎಲ್ಲವೂ ಹೋದಂತೆಯೇ. ಆದುದರಿಂದ ಮುಚ್ಚಳ ಸಡಿಲವಾದ ದಿನವೇ ಕಾಯಿಯ ಕೆಳಗೆ ಕಾಗದ ಹಿಡಿದು ಬೆರಳಿನಿಂದ ತಟ್ಟಬೇಕು.

ಈ ಊರಿನ ಗಾಳಿಯಲ್ಲಿ ತೇವ ಹೆಚ್ಚು; ಬೀಜಕ್ಕೆ ಬೂಷ್ಟು ಬರಲು ತಡವಿಲ್ಲ. ನೆರಳಿನಲ್ಲಿ ನಾಲ್ಕು ದಿನ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ, ತಾಯಿಗಿಡದ ಹೂವಿನ ಬಣ್ಣವನ್ನೂ ದಿನಾಂಕವನ್ನೂ ಮೇಲೆ ಬರೆಯಬೇಕು. ಹುರಿದು ಆರಿಸಿದ ಹಿಡಿ ಅಕ್ಕಿಯೊಡನೆ ಪೊಟ್ಟಣವನ್ನು ಬಿಗಿಮುಚ್ಚಳದ ಸೀಸೆಯಲ್ಲಿಟ್ಟರೆ ಅಕ್ಕಿಯು ತೇವವನ್ನು ಹೀರಿಕೊಳ್ಳುತ್ತದೆ. ನಮ್ಮಲ್ಲಿ ಹಲವರು ಬಾಡಿಗೆಯ ಖೋಲಿಗಳಲ್ಲಿರುವವರು. ಮನೆ ಬದಲಿಸುವಾಗ ಕುಂಡಗಳನ್ನು ಹೊರುವವರಾರು? ಅವು ಹಿಂದೆಯೇ ಉಳಿಯುತ್ತವೆ. ಪೊಟ್ಟಣಕ್ಕಾದರೋ ಪುಸ್ತಕದ ಹಾಳೆಗಳ ನಡುವೆಯೂ ಸ್ಥಳವುಂಟು.

ದೀಪಾವಳಿಯ ರಜೆ ಬಿತ್ತನೆಗೆ ತಕ್ಕ ಕಾಲ. ಅಡಿಯಲ್ಲಿ ತೂತುಗಳುಳ್ಳ ಅಗಲವಾದ ಡಬ್ಬಿಯೊಂದಕ್ಕೆ ಅರ್ಧ ಮರಳು, ಅರ್ಧ ಜರಡಿ ಹಿಡಿದ ಮಣ್ಣು ಬೆರೆಸಿ ತುಂಬಬೇಕು. ಹಿರಿಯರ ಕೈಯಿಂದ ಅದರ ಮೇಲೆ ಕುದಿಯುವ ನೀರು ಹೊಯ್ಯಿಸಿ ಪೂರ್ತಿ ಆರಲು ಬಿಟ್ಟರೆ ಮಣ್ಣಿನೊಳಗಣ ಬೂಷ್ಟು ಬಹುಮಟ್ಟಿಗೆ ಸಾಯುತ್ತದೆ. ಬೀಜವನ್ನು ಚಿಟಿಕೆ ಒಣಮರಳಿನೊಡನೆ ಕಲಸಿ ಮೇಲೆ ಉದುರಿಸಬೇಕು. ಅದರ ಮೇಲೆ ಮಣ್ಣು ಮುಚ್ಚಬಾರದು. ಈ ಬೀಜ ಮೊಳೆಯಲು ಬೆಳಕು ಬೇಕು. ಮೇಲಿನಿಂದ ನೀರು ಸುರಿದರೆ ಬೀಜವೆಲ್ಲ ಮೂಲೆಗೆ ಹರಿದುಹೋಗುತ್ತದೆ. ಡಬ್ಬಿಯನ್ನು ನೀರಿರುವ ತಟ್ಟೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಮಣ್ಣು ತಾನೇ ಕೆಳಗಿನಿಂದ ಕುಡಿಯುತ್ತದೆ. ಬಳಿಕ ಗಾಜಿನ ತುಂಡೊಂದನ್ನು ಮುಚ್ಚಿ ನೆರಳಿನಲ್ಲಿ, ಆದರೆ ಬೆಳಕಿರುವಲ್ಲಿ, ಇಡತಕ್ಕದ್ದು. ಒಂದೆರಡು ವಾರಗಳಲ್ಲಿ ಸೂಜಿಮೊನೆಯಂತಹ ಜೋಡಿ ಎಲೆಗಳು ಕಾಣಿಸುವುವು.

ಇಲ್ಲಿಯೇ ಹೆಚ್ಚಿನ ಸಸಿಗಳು ಸಾಯುವುದು. 'ಇದು ಮರುಭೂಮಿಯ ಜಾತಿ, ನೀರು ಬೇಡ, ಬಿಸಿಲು ಬೇಕು' ಎಂಬ ತಿಳಿವಳಿಕೆ ದೊಡ್ಡ ಗಿಡಕ್ಕೆ ಸಲ್ಲುತ್ತದೆ, ಸಸಿಗೆ ಸಲ್ಲದು. ಕೂಡಿಡಲು ಅದಕ್ಕೆ ಇನ್ನೂ ಮೈಯೇ ಬಂದಿಲ್ಲ. ಒಂದು ಮಧ್ಯಾಹ್ನದ ಬಿಸಿಲಿಗೆ ಅದು ದಾರದಂತೆ ಒಣಗುವುದು. ಹಾಗೆಂದು ನೀರು ನಿಲ್ಲಿಸಿದರೆ ಬುಡ ಕೊಳೆಯುವುದು. ಮಣ್ಣು ಹಿಂಡಿದ ಬಟ್ಟೆಯಷ್ಟು ತೇವವಾಗಿದ್ದರೆ ಸಾಕು. ಮೊಳಕೆ ಕಂಡ ಮೇಲೆ ಗಾಜನ್ನು ದಿನದಿನಕ್ಕೆ ಹೆಚ್ಚು ಹೊತ್ತು ಸರಿಸಿ ಗಾಳಿಗೆ ಒಗ್ಗಿಸಬೇಕು.

ಬೇರೆ ಜಾತಿಗಳಿಗೆ ಬೇರೆ ಉಪಾಯ. ಕಣಗಿಲೆಯ ಕುಲದ ಅಡೀನಿಯಮ್ ಗಿಡದ ಜೋಡಿ ಕೋಡುಗಳು ಸೀಳಿದೊಡನೆ ರೇಷ್ಮೆಯ ಕುಚ್ಚು ಹೊತ್ತ ಬೀಜಗಳು ಹಾರಿಹೋಗುತ್ತವೆ. ಬಲಿಯುವ ಮೊದಲೇ ಕೋಡಿಗೆ ದಾರ ಸುತ್ತಿಡಬೇಕು. ಬಿಳಿಯ ಹಾಲು ಸುರಿಸುವ ಕಳ್ಳಿಗಳ ಮೂರು ಹೋಳಿನ ಕಾಯಿ ಸಿಡಿದು ಬೀಜವನ್ನು ದೂರ ಎಸೆಯುತ್ತದೆ. ಅದಕ್ಕೆ ತೆಳುಬಟ್ಟೆಯ ಚೀಲ ಕಟ್ಟಬೇಕು. ಆ ಹಾಲು ಕಣ್ಣಿಗೆ ಅಪಾಯ, ಅಡೀನಿಯಮ್ಮಿನ ರಸ ವಿಷ. ಚಿಕ್ಕ ತರಗತಿಯವರು ಇವೆರಡನ್ನೂ ಮುಟ್ಟಕೂಡದು. ಮನೆಯ ಲೋಳೆಸರ ಬೀಜ ಕಟ್ಟುವುದು ಅಪರೂಪ. ಅದಕ್ಕೆ ಮರಿಗಳೇ ಗತಿ. ಪಾಪಾಸುಕಳ್ಳಿಯ ಬೀಜದ ಸಿಪ್ಪೆ ಬಲು ಗಟ್ಟಿ, ತಿಂಗಳುಗಟ್ಟಲೆ ಕಾಯಿಸುತ್ತದೆ. ಆದರೂ ಅಮೆರಿಕದಿಂದ ಬಂದ ಆ ಕಳ್ಳಿ, ತುಂಡುಗಳಿಂದಲೂ ಹಕ್ಕಿಗಳು ಹರಡಿದ ಬೀಜಗಳಿಂದಲೂ ದಕ್ಷಿಣದ ಭೂಮಿಯನ್ನು ಎಷ್ಟು ಮುತ್ತಿತೆಂದರೆ, 1926ರಲ್ಲಿ ಶ್ರೀಲಂಕೆಯಿಂದ ಒಂದು ಕೀಟವನ್ನು ತಂದು ಬಿಟ್ಟು ಅದನ್ನು ಅಡಗಿಸಬೇಕಾಯಿತು.

ಟೇಬಲ್ ರೋಸ್ ಸುಮಾರು ಎರಡು ತಿಂಗಳಲ್ಲಿ ಹೂ ಬಿಡುತ್ತದೆ. ಬಿತ್ತಿದ ಬೀಜಗಳೆಷ್ಟು, ಮೊಳೆತುವೆಷ್ಟು, ಉಳಿದುವೆಷ್ಟು, ಪೊಟ್ಟಣದ ಮೇಲೆ ಬರೆದ ಬಣ್ಣವೇನು, ಅರಳಿದ ಬಣ್ಣವೇನು, ಇವನ್ನು ಒಂದು ಪುಸ್ತಕದಲ್ಲಿ ಬರೆದು ತಂದು ತೋರಿಸಿರಿ.