ಯಾರೂ ಪಟ್ಟಿ ಮಾಡದ ಹಾಡುಗಳು

ವಿರಾಜಪೇಟೆಯ ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಹಾಡುಗಳಿವೆ. ಸೈನ್ಯದಲ್ಲಿದ್ದ ಅಜ್ಜ ತಂದ ಇಂಗ್ಲಿಷ್ ರೆಕಾರ್ಡುಗಳು, ಅಪ್ಪ ಕೊಂಡ ಕನ್ನಡ, ಹಿಂದಿ ಕ್ಯಾಸೆಟ್ಟುಗಳು, ನನ್ನ ಸಿಡಿಗಳು. ಜೊತೆಗೆ ಮದುವೆ, ಸುಗ್ಗಿಹಬ್ಬ ಹುತ್ತರಿಗಳಲ್ಲಿ ನಾವೇ ಧ್ವನಿಮುದ್ರಿಸಿಕೊಂಡ ಕೊಡವ ಹಾಡುಗಳು. ಕೊಡಗಿನ ಮಳೆಗಾಲದ ತೇವ ಟೇಪುಗಳಿಗೆ ಬೂಷ್ಟು ಹಿಡಿಸುತ್ತಲೇ ಇರುತ್ತದೆ. ಹಾಗಾಗಿ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದೆ. ಆಮೇಲೆ ಇನ್ನೊಂದು ಆಸೆ ಹುಟ್ಟಿತು. ಹಾಡು ಕೇಳುವಾಗ ಅದು ಬಂದ ಕಾಲದಲ್ಲಿ ಜನ ಅದನ್ನು ಹೇಗೆ ಬರಮಾಡಿಕೊಂಡರು, ಜನಪ್ರಿಯತೆಯ ಪಟ್ಟಿಯಲ್ಲಿ ಎಷ್ಟನೇ ಸ್ಥಾನಕ್ಕೆ ಏರಿತು ಎಂಬುದೂ ಕಣ್ಣೆದುರಿಗೆ ಬರಬೇಕು. ಈ ಕೆಲಸ ನನಗೆ ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಟೇಪುಗಳನ್ನು ಇಟ್ಟುಕೊಂಡ ಮನೆಗಳು ನಮ್ಮ ಜಿಲ್ಲೆಯಲ್ಲಿ ಬಹಳ ಇವೆ.

ಮೊದಲ ಪಾಠ: ಸ್ಥಾನ ಬರೆಯುವ ಮುನ್ನ ಹಾಡಿನ ವರ್ಷ ಸರಿಯಿರಬೇಕು. ಪುಟ್ಟಣ್ಣ ಕಣಗಾಲರ ‘ಶರಪಂಜರ’ 1971ರ ಚಿತ್ರ. ಅದರ ಹಾಡು ಮೂವತ್ತು ವರ್ಷದ ನಂತರದ ಸಂಕಲನದ ಸಿಡಿಯಿಂದ ಬಂದರೆ, ಫೈಲಿನಲ್ಲಿ ಸಿಡಿಯ ವರ್ಷವೇ ಕೂತಿರುತ್ತದೆ. ಎಂಪಿ3 ಫೈಲಿನ ಮಾಹಿತಿಗೆ ಬಳಸುವ ಐಡಿ3 ಪದ್ಧತಿಯ 2.4ನೇ ಆವೃತ್ತಿಯಲ್ಲಿ ಮೂಲ ಬಿಡುಗಡೆಯ ದಿನಾಂಕಕ್ಕೆ ಬೇರೆಯೇ ಜಾಗವಿದೆ. ಅದನ್ನು ಮೊದಲು ತುಂಬಬೇಕು. ಕ್ಯಾಸೆಟ್ ಕಾಲದಲ್ಲಿ ಜನಪ್ರಿಯ ಹಾಡುಗಳನ್ನು ಬೇರೆ ಗಾಯಕರಿಂದ ಹಾಡಿಸಿ ಮಾರುವುದು ಸಾಮಾನ್ಯವಾಗಿತ್ತು. ಆದ್ದರಿಂದ ಶೀರ್ಷಿಕೆ ಒಂದೇ ಎಂದು ನೆಚ್ಚಿಕೊಳ್ಳದೆ ಗಾಯಕರು, ಸಂಗೀತ ನಿರ್ದೇಶಕರು, ಹಾಡಿನ ಅವಧಿ ಮೂರನ್ನೂ ತಾಳೆ ನೋಡಬೇಕು.

ಎರಡನೆಯದು: ಎಣಿಸಿದವರು ಯಾರು ಎಂದು ಬರೆಯದ ಸ್ಥಾನಕ್ಕೆ ಅರ್ಥವಿಲ್ಲ. ಬ್ರಿಟನ್ನಿನ ಮೊದಲ ಮಾರಾಟ ಪಟ್ಟಿಯನ್ನು 1952ರ ನವೆಂಬರ್‌ನಲ್ಲಿ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆ ಅಂಗಡಿಗಳಿಗೆ ಫೋನ್ ಮಾಡಿ ಕೇಳಿ ತಯಾರಿಸಿತು. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಶುರುವಾದದ್ದು 1958ರ ಆಗಸ್ಟ್‌ನಲ್ಲಿ. ಅದು ಮಾರಾಟದ ಜೊತೆಗೆ ರೇಡಿಯೊ ಪ್ರಸಾರವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಬೋನಿ ಎಂ ತಂಡದ ‘ರಿವರ್ಸ್ ಆಫ್ ಬ್ಯಾಬಿಲಾನ್’ 1978ರಲ್ಲಿ ಬ್ರಿಟನ್ನಿನಲ್ಲಿ 1ನೇ ಸ್ಥಾನದಲ್ಲಿ ಕೂತಿತು, ಅಮೆರಿಕದಲ್ಲಿ 30ರಿಂದ ಮೇಲೇರಲಿಲ್ಲ. ಎರಡೂ ನಿಜವೇ. ನಮ್ಮ ದೇಶದಲ್ಲಿ 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರವಿಟ್ಟಾಗ ಕೇಳುಗರು ರೇಡಿಯೊ ಸಿಲೋನ್ ಕಡೆ ತಿರುಗಿದರು. ಅಲ್ಲಿ ಅಮೀನ್ ಸಯಾನಿ ನಡೆಸಿದ ‘ಬಿನಾಕಾ ಗೀತ್‌ಮಾಲಾ’ ರೆಕಾರ್ಡು ಅಂಗಡಿಗಳ ಮಾರಾಟವನ್ನೂ ಶ್ರೋತೃ ಸಂಘಗಳ ಕೋರಿಕೆಗಳನ್ನೂ ಸೇರಿಸಿ ಹಿಂದಿ ಹಾಡುಗಳಿಗೆ ಸ್ಥಾನ ಕೊಟ್ಟಿತು. ಮುಂದೆ ಅದೇ ‘ಸಿಬಾಕಾ’ ಆಯಿತು, 1989ರಲ್ಲಿ ವಿವಿಧ ಭಾರತಿಗೆ ಬಂತು. ಒಂದೇ ಕಾರ್ಯಕ್ರಮ ಎರಡು ಹೆಸರಿನಲ್ಲಿ ಹಂಚಿಹೋಗದಂತೆ ನಾನು ಒಂದೇ ಹೆಸರನ್ನು ಸ್ಥಿರಪಡಿಸಿಕೊಂಡೆ. ಪಟ್ಟಿಯ ಹೆಸರು, ದೇಶ, ವರ್ಷ, ಅತ್ಯುನ್ನತ ಸ್ಥಾನ, ಇದ್ದ ವಾರಗಳು ಎಲ್ಲ ಒಟ್ಟಿಗೆ ಇದ್ದಾಗಲೇ ಅದು ಇತಿಹಾಸ.

ಮೂರನೆಯದು ಎಲ್ಲಿ ಬರೆಯಬೇಕು ಎಂಬ ವಿಚಾರ. ನಕ್ಷತ್ರದ ರೇಟಿಂಗ್ ಇರುವುದು ನನ್ನ ಇಷ್ಟವನ್ನು ಹೇಳಲು, ಅಲ್ಲಿ ಲೋಕದ ತೀರ್ಪನ್ನು ತುರುಕಬಾರದು. ಎಂಪಿ3ಯಲ್ಲಿ ನಾವೇ ಹೆಸರಿಡಬಹುದಾದ ಜಾಗಗಳಿವೆ. ಫ್ಲ್ಯಾಕ್ ಫೈಲಿನಲ್ಲಿ ಇನ್ನೂ ಸುಲಭ. ಎಂಪಿ3ಟ್ಯಾಗ್‌ನಂಥ ತಂತ್ರಾಂಶದಲ್ಲಿ ನೂರಾರು ಹಾಡುಗಳಿಗೆ ಒಮ್ಮೆಲೇ ಬರೆಯಬಹುದು. ನನ್ನ ಮೂಲ ದಾಖಲೆ ಮಾತ್ರ ಒಂದು ಪ್ರತ್ಯೇಕ ಕೋಷ್ಟಕ, ಫೈಲುಗಳಿಗೆ ಹೋಗುವುದು ಅದರ ನಕಲು. ಮಳೆಗಾಲದಲ್ಲಿ ಇಲ್ಲಿ ಕರೆಂಟು ದಿನಗಟ್ಟಲೆ ಕೈಕೊಡುವುದರಿಂದ ಬರೆಯುವ ಮುನ್ನ ಇನ್ನೊಂದು ಡಿಸ್ಕಿಗೆ ಪ್ರತಿ ತೆಗೆಯುವುದು ನಮ್ಮ ಮನೆಯ ನಿಯಮ. ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಆಯ್ಕೆ ಮಾಡಿಕೊಳ್ಳಲಿ. ಐಡಿ3ಯ ಮೊದಲ ಆವೃತ್ತಿ ಶೀರ್ಷಿಕೆಗೆ ಕೊಟ್ಟದ್ದು 30 ಬೈಟ್ ಮಾತ್ರ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ ಉದ್ದನೆಯ ಶೀರ್ಷಿಕೆ ಅಲ್ಲಿ ಹಿಡಿಸದು.

ಇಷ್ಟೆಲ್ಲ ಮುಗಿಸಿ ಎಪ್ಪತ್ತರ ದಶಕದ ಜನಪ್ರಿಯ ಹಾಡುಗಳನ್ನು ಸ್ಥಾನದ ಪ್ರಕಾರ ಜೋಡಿಸಿದಾಗ ಬಂದದ್ದು ಇಂಗ್ಲಿಷ್ ಮತ್ತು ಹಿಂದಿ ಹಾಡುಗಳು. ಕನ್ನಡದ ಒಂದೂ ಇಲ್ಲ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಸವೆದ ಕ್ಯಾಸೆಟ್ಟುಗಳೆಲ್ಲ ಕನ್ನಡದವು. ಬಿಲ್‌ಬೋರ್ಡಿನಂತೆ ವಾರವಾರವೂ ಎಣಿಸಿಟ್ಟ ಪಟ್ಟಿ ಆ ಕಾಲದ ಕನ್ನಡ ಹಾಡುಗಳಿಗೆ ಇರಲಿಲ್ಲ. ಎಣಿಕೆ ಇಲ್ಲದ್ದನ್ನು ಯಂತ್ರ ಸೊನ್ನೆಯೆಂದು ಓದಿತು. ನನಗೆ ಇದು ಕೇವಲ ತಾಂತ್ರಿಕ ಸಂಗತಿಯಾಗಿ ಕಾಣಲಿಲ್ಲ. ನಾಳೆ ಈ ಸಂಗ್ರಹ ತೆರೆಯುವ ಮಕ್ಕಳು ನಮ್ಮ ಹಾಡುಗಳನ್ನು ಯಾರೂ ಕೇಳುತ್ತಿರಲಿಲ್ಲವೆಂದೇ ತಿಳಿಯುತ್ತಾರೆ.

ಹಾಗಾಗಿ ‘ಸಾಕ್ಷ್ಯ’ ಎಂಬ ಹೊಸ ಅಂಕಣ ತೆರೆದೆ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನಲ್ಲಿ ಎರಡು ವರ್ಷ ಓಡಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂದು ಭಾವಗೀತೆಯನ್ನು ಮನೆಮನೆಗೆ ಒಯ್ದಿತು. 1992ರ ‘ಜೀವನ ಚೈತ್ರ’ದ ಗಾಯನಕ್ಕೆ ರಾಜ್‌ಕುಮಾರ್ ರಾಷ್ಟ್ರಪ್ರಶಸ್ತಿ ಪಡೆದರು. ಬಹುಪಾಲು ಕಥೆ ಮಡಿಕೇರಿಯಲ್ಲೇ ನಡೆಯುವ, 2006ರ ಕೊನೆಗೆ ತೆರೆಕಂಡ ‘ಮುಂಗಾರು ಮಳೆ’ ವರ್ಷಕ್ಕೂ ಮೀರಿ ಓಡಿತು. ಇವು ಯಾವುವೂ ಸ್ಥಾನಗಳಲ್ಲ, ಇವನ್ನು ಅಂಕಿಯಾಗಿಸಿ ಕೃತಕ ಪಟ್ಟಿ ಕಟ್ಟುವುದೂ ಸಲ್ಲದು. ಇದ್ದ ಸಂಗತಿಯನ್ನು ಇದ್ದಂತೆ ಬರೆದರೆ ಸಾಕು.

ಕೊಡವ ಹಾಡುಗಳು ಇನ್ನೂ ಮುಂದಿನ ಪಾಠ ಹೇಳಿದವು. ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನ ಹಾಡುಗಳನ್ನು ಕಲೆಹಾಕಿ ‘ಪಟ್ಟೋಲೆ ಪಳಮೆ’ಯನ್ನು 1924ರಲ್ಲಿ ಪ್ರಕಟಿಸಿದರು, ಬ್ರಿಟನ್ನಿನ ಆ ಮೊದಲ ಪಟ್ಟಿಗಿಂತ 28 ವರ್ಷ ಮುಂಚೆ. ದುಡಿ ವಾದ್ಯ ಹಿಡಿದು ನಾಲ್ವರು ಹಾಡುವ ಬಾಳೊ ಪಾಟ್‌ಗೆ ಅಂಗಡಿಯಿಲ್ಲ, ಮಾರಾಟವಿಲ್ಲ. ಹುತ್ತರಿ ಬಂದಾಗ, ಮದುವೆ ಕೂಡಿದಾಗ ಅದು ಇರಲೇಬೇಕು. ಇಂಥ ಹಾಡಿಗೆ ಮೊದಲನೆಯದು, ಎರಡನೆಯದು ಎಂಬ ಮಾತೇ ಹೊಂದದು. ಈಗ ನನ್ನ ಕೋಷ್ಟಕದಲ್ಲಿ ಯಾವ ಜಾಗವೂ ಸುಮ್ಮನೆ ಖಾಲಿಯಿಲ್ಲ. ‘ಪಟ್ಟಿ ಇತ್ತು, ಈ ಹಾಡು ಸೇರಲಿಲ್ಲ’, ‘ಪಟ್ಟಿಯೇ ಇರಲಿಲ್ಲ’, ‘ಪಟ್ಟಿ ಅನ್ವಯಿಸದು’ ಎಂದು ಮೂರು ಬೇರೆ ಬೇರೆ ಗುರುತುಗಳಿವೆ. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಈ ಮೂರು ಗುರುತುಗಳೇ.

ಕೊಡವ ಹಾಡುಗಳಿಗೆ ಸ್ಥಾನದ ಬದಲು ನಾನು ಬರೆಯುವುದು ಹಾಡಿದವರ ಹೆಸರು, ಊರು, ಯಾವ ಸಂದರ್ಭ, ಯಾವ ವರ್ಷ ಎಂಬುದು. ಇದನ್ನು ಹೇಳಬಲ್ಲವರು ಮನೆಯ ಹಿರಿಯರು ಮಾತ್ರ. ಅವರಿಗೆ ಧ್ವನಿ ಕೇಳಿಸಿದರೆ ಸಾಕು, ಇದು ಯಾವ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಹಾಡಿದ್ದು ಎಂದು ಗುರುತು ಹಿಡಿಯುತ್ತಾರೆ. ಇಂಗ್ಲಿಷ್ ಹಾಡಿನ ಸ್ಥಾನವನ್ನು ಹತ್ತು ವರ್ಷ ಬಿಟ್ಟು ಹುಡುಕಿದರೂ ಸಿಗುತ್ತದೆ. ಕೊಡವ ಹಾಡಿನ ವಿವರ ಸಿಗುವುದು ಆ ಹಿರಿಯರಿರುವ ತನಕ ಮಾತ್ರ. ಆದ್ದರಿಂದ ಸಂಗ್ರಹಕ್ಕೆ ಕೈಹಾಕುವವರು ಕೊನೆಯ ಕೆಲಸವನ್ನೇ ಮೊದಲು ಮಾಡಲಿ: ಪಟ್ಟಿಗಳನ್ನು ಆಮೇಲೆ ತುಂಬಿ, ಮನೆಯ ಧ್ವನಿಮುದ್ರಣಗಳನ್ನು ಹಿರಿಯರ ಮುಂದಿಟ್ಟು ಕೇಳಿ ಈಗಲೇ ಬರೆದುಕೊಳ್ಳಿ.