ಡಾಲರ್ ಗುರುತಿದ್ದರೂ ರೂಟ್!

ಪ್ರಶ್ನೆ: ಸರ್, ಕಡೇಚೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ನಮ್ಮ ಲಿನಕ್ಸ್ ಸರ್ವರ್‌ನಲ್ಲಿ ನನ್ನ ಖಾತೆಯಲ್ಲಿದ್ದರೂ $ ಗುರುತು, ರೂಟ್ ಆದರೂ ಅದೇ $. ರಾತ್ರಿ ಪಾಳಿಯಲ್ಲಿ ಫೈಲ್ ಅಳಿಸುವಾಗ ಕೈ ನಡುಗುತ್ತದೆ. ರೂಟ್ ಆದದ್ದು ತಟ್ಟನೆ ಗೊತ್ತಾಗಲು ಏನು ಮಾಡಬೇಕ್ರೀ?
– ಓದುಗರು, ಕಡೇಚೂರು

ಉತ್ತರ: ಸಾಮಾನ್ಯ ಬಳಕೆದಾರರಿಗೆ $, ರೂಟ್‌ಗೆ # ಎಂಬುದು ಯೂನಿಕ್ಸ್ ಕಾಲದ ರೂಢಿ. ಬ್ಯಾಶ್‌ನಲ್ಲಿ ಇದು ತಾನಾಗಿ ಬದಲಾಗಬೇಕಾದರೆ ಪಿಎಸ್1 ಎಂಬ ವೇರಿಯಬಲ್‌ನಲ್ಲಿ \$ ಎಂದಿರಬೇಕು. ಬಳಕೆದಾರ ಸಂಖ್ಯೆ 0 ಆಗಿದ್ದರೆ, ಅಂದರೆ ರೂಟ್ ಆಗಿದ್ದರೆ, ಅದು # ಆಗಿ ಕಾಣುತ್ತದೆ. ನಿಮ್ಮಲ್ಲಿ ಯಾರೋ ಆ ಸಾಲನ್ನು ಡಬಲ್ ಕೋಟ್‌ನೊಳಗೆ ಬರೆದಿರಬಹುದು. ಆಗ ಬ್ಯಾಕ್‌ಸ್ಲ್ಯಾಶ್ ಮೊದಲೇ ಉದುರಿ ಬರೀ $ ಉಳಿಯುತ್ತದೆ. ಸಿಂಗಲ್ ಕೋಟ್ ಹಾಕಿ, ಸರಿಹೋಗುತ್ತದೆ.

ಆದರೆ ನಿದ್ದೆಗಣ್ಣಿಗೆ ಅಷ್ಟು ಸಣ್ಣ ಗುರುತು ಸಾಲದು. ರೂಟ್‌ನ .ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಪಿಎಸ್1ಗೆ ಕೆಂಪು ಹಿನ್ನೆಲೆ ಕೊಡಿ. ಅದರ ಸಂಖ್ಯೆ 41. ಕೊನೆಗೆ 0 ಕೊಟ್ಟು ಬಣ್ಣ ನಿಲ್ಲಿಸಿ, ಇಲ್ಲದಿದ್ದರೆ ನೀವು ಟೈಪ್ ಮಾಡುವುದೂ ಕೆಂಪಾಗುತ್ತದೆ. ಬಣ್ಣದ ಸಂಕೇತಗಳು \[ ಮತ್ತು \] ನಡುವೆ ಇರಲಿ. ಇದನ್ನು ಬಿಟ್ಟರೆ ಬ್ಯಾಶ್ ಅವನ್ನೂ ಕಾಣುವ ಅಕ್ಷರಗಳೆಂದು ಎಣಿಸಿ, ಉದ್ದದ ಕಮಾಂಡ್ ಮುಂದಿನ ಸಾಲಿಗೆ ಇಳಿಯದೆ ಅದೇ ಸಾಲಿನ ಮೇಲೆ ಹತ್ತಿ ಕುಳಿತುಕೊಳ್ಳುತ್ತದೆ. ಕೆಂಪು-ಹಸಿರು ಭೇದ ಕಾಣದವರೂ ಪಾಳಿಯಲ್ಲಿರಬಹುದು. ಆದ್ದರಿಂದ ಬಣ್ಣದ ಜೊತೆ ‘ರೂಟ್’ ಎಂಬ ಪದ, ಸರ್ವರ್ ಹೆಸರು ಎರಡನ್ನೂ ಸೇರಿಸಿ.

ರೂಟ್ ಆಗಲು ‘ಸುಡೊ -ಐ’ ಬಳಸಿ, ರೂಟ್‌ನದೇ ಸೆಟ್ಟಿಂಗ್ ಜಾರಿಗೆ ಬರುತ್ತದೆ. ಬಣ್ಣ ಎಚ್ಚರಿಸೀತೇ ಹೊರತು ಕೈ ಹಿಡಿದು ತಡೆಯದು. ಒಂದೆರಡು ಕಮಾಂಡಿನ ಕೆಲಸವಾದರೆ ರೂಟ್ ಆಗುವುದೇ ಬೇಡ. ಆಯಾ ಕಮಾಂಡಿನ ಮುಂದೆ ಸುಡೊ ಹಚ್ಚಿದರೆ ಸಾಕು.

ಪ್ರಶ್ನೆ: ವಿಂಡೋಸ್‌ನಲ್ಲೂ ಇಂಥ ಗುರುತು ಇದೆಯೇ?
– ಓದುಗರು, ಶಹಾಪುರ

ಉತ್ತರ: ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ವಿಂಡೋದ ಮೇಲಂಚಿನಲ್ಲಿ ಆ ಪದ ಬರುತ್ತದೆ. ಆದರೆ ನಮ್ಮ ಕಣ್ಣಿರುವುದು ಟೈಪ್ ಮಾಡುವ ಸಾಲಿನ ಮೇಲೆ. ಅಲ್ಲಿ ಎರಡಕ್ಕೂ > ಒಂದೇ. ಶುರುವಿನಲ್ಲಿ ಕಾಣುವ ಸಿಸ್ಟಂ32 ಫೋಲ್ಡರ್ ಹೆಸರನ್ನು ನಂಬಬೇಡಿ, ಫೋಲ್ಡರ್ ಬದಲಿಸಿದೊಡನೆ ಅದು ಹೋಗುತ್ತದೆ. ತೆರೆದ ಕೂಡಲೇ ‘ಕಲರ್ 4ಎಫ್’ ಕೊಟ್ಟರೆ ಕೆಂಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬರುತ್ತದೆ. ಪವರ್‌ಶೆಲ್‌ನಲ್ಲಾದರೆ ಪ್ರೊಫೈಲ್ ಫೈಲ್‌ನಲ್ಲಿ ‘ಪ್ರಾಂಪ್ಟ್’ ಎಂಬ ಫಂಕ್ಷನ್ ಬರೆದು, ಅಡ್ಮಿನ್ ಹಕ್ಕಿದ್ದಾಗ ಮಾತ್ರ ಸಾಲಿನ ಆರಂಭದಲ್ಲಿ ‘ಅಡ್ಮಿನ್’ ಎಂದು ಬರುವಂತೆ ಮಾಡಬಹುದು. ಕೆಲಸ ಮುಗಿದ ಕೂಡಲೇ ಆ ವಿಂಡೋ ಮುಚ್ಚಿಬಿಡಿ.