ಹತ್ತು ಕೈ ಸೇರಿ ಊರಿನ ಚರಿತ್ರೆ ಬರೆಯುವಾಗ

ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲ್ಲೂಕಿನಲ್ಲಿ, ದೂಧಗಂಗೆಯ ದಂಡೆಯ ಮೇಲೆ ಸುಳಕೂಡ ಎಂಬ ಊರಿದೆ. ಉತ್ತರಕ್ಕೆ ಹೊರಟರೆ ಮಗ್ಗಗಳ ಇಚಲಕರಂಜಿ. ದಕ್ಷಿಣಕ್ಕೆ ಇಳಿದರೆ ಗಡಿಯಾಚೆ ನಿಪ್ಪಾಣಿ, ಅಲ್ಲಿಂದ ಮುಂದೆ ಮತ್ತೆ ಮಹಾರಾಷ್ಟ್ರಕ್ಕೆ ಸೇರಿದ, ಹಿರಣ್ಯಕೇಶಿ ನದಿಯ ಗಡಹಿಂಗ್ಲಜ. ಅಡುಗೆಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂದು ಬದುಕುವ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಈ ಊರುಗಳ ಚರಿತ್ರೆಯನ್ನು ಕನ್ನಡ ವಿಕಿಪೀಡಿಯದಲ್ಲಿ ಬರೆಯುವುದು, ಬೇರೆಯವರು ಬರೆದದ್ದನ್ನು ತಿದ್ದುವುದು ನಾನು ಬಹುಕಾಲದಿಂದ ಮಾಡಿಕೊಂಡು ಬಂದ ಕೆಲಸ. ವಿಷಯ ಸಿಗುವುದಿಲ್ಲ ಎಂಬ ಚಿಂತೆ ಇಲ್ಲಿಲ್ಲ. ಪರಸ್ಪರ ಮುಖ ನೋಡದ ಹತ್ತು ಜನ ಒಂದೇ ಪುಟದಲ್ಲಿ ಬರೆದಾಗಲೂ ಓದುಗ ಅದನ್ನು ನಂಬುವಂತಿರಬೇಕು, ಕಷ್ಟವಿರುವುದು ಅಲ್ಲಿ. ಅದಕ್ಕಾಗಿ ನಾವು ರೂಢಿಸಿಕೊಂಡ ಕೆಲವು ಪಾಠಗಳು ಇವು.

1. ತಲೆಬರಹಕ್ಕೆ ಒಂದೇ ಹೆಸರು, ಮೊದಲ ವಾಕ್ಯದಲ್ಲಿ ಉಳಿದ ಹೆಸರುಗಳು

ಇಂದು ಆಡಳಿತದಲ್ಲಿರುವ ಹೆಸರೇ ಪುಟದ ತಲೆಬರಹವಾಗಲಿ. ಊರವರ ಬಾಯಲ್ಲಿರುವ ರೂಪ, ಮರಾಠಿಯ ರೂಪ, ಶಾಸನದ ರೂಪ ಮೂರೂ ಮೊದಲ ವಾಕ್ಯದಲ್ಲೇ ಬರಲಿ. ಕೊಲ್ಹಾಪುರವನ್ನೇ ನೋಡಿ: ಶಾಸನಗಳಲ್ಲಿ ಕೊಲ್ಲಾಪುರ, ಜೈನರ ಬರಹಗಳಲ್ಲಿ ಕ್ಷುಲ್ಲಕಪುರ, ಪುರಾಣದಲ್ಲಿ ಕರವೀರ. ಇವುಗಳಲ್ಲಿ ಒಂದನ್ನು ನಿಜವೆಂದು ಹಿಡಿದು ಉಳಿದವನ್ನು ಅಳಿಸುವ ಅಧಿಕಾರ ಯಾರಿಗೂ ಇಲ್ಲ. ಒಂದೇ ಹೆಸರಿನ ಊರುಗಳಿದ್ದರೆ ಪಕ್ಕದಲ್ಲಿ ತಾಲ್ಲೂಕಿನ ಹೆಸರು ಬೇಕೇಬೇಕು. ಬೆಂಗಳೂರಿನಲ್ಲಿ ಹೆಬ್ಬಾಳವಿದೆ, ಮೈಸೂರಿನಲ್ಲಿದೆ, ಗಡಹಿಂಗ್ಲಜ ತಾಲ್ಲೂಕಿನಲ್ಲೂ ಇದೆ.

2. ಕಲ್ಲಿನ ಮೇಲಿನ ಕಾಲವನ್ನು ಕಲ್ಲಿನ ಮೇಲಿದ್ದಂತೆಯೇ ಬರೆಯಿರಿ

ಬೇರೆ ಯಾವ ಪಾಠ ಮರೆತರೂ ಇದೊಂದನ್ನು ಮರೆಯಬಾರದು. ಶಿರೋಳ ತಾಲ್ಲೂಕಿನ ಖಿದ್ರಾಪುರದಲ್ಲಿ, ಕೃಷ್ಣೆಯ ದಡದ ಕೋಪೇಶ್ವರ ದೇವಾಲಯದಲ್ಲಿ, ಯಾದವ ಸಿಂಘಣನ ಸಂಸ್ಕೃತ ಶಾಸನವಿದೆ. ಅದರ ಕಾಲ ಶಕ 1136. ಶಕಕ್ಕೆ 78 ಕೂಡಿಸುವ ರೂಢಿ ಹಿಡಿದರೆ 1214 ಬರುತ್ತದೆ, ಕೆಲವರು ಹಾಗೇ ಬರೆದಿದ್ದಾರೆ. ಆದರೆ ಶಾಸನ ಹೇಳುವ ಸಂವತ್ಸರ ಶ್ರೀಮುಖ, ಶ್ರೀಮುಖ ಬಂದದ್ದು 1213ರಲ್ಲಿ. ಶಕವರ್ಷವನ್ನು ಕೆಲವು ಶಾಸನಗಳು ಕಳೆದ ವರ್ಷವಾಗಿ, ಕೆಲವು ನಡೆಯುತ್ತಿರುವ ವರ್ಷವಾಗಿ ಎಣಿಸುವುದೇ ಈ ಒಂದು ವರ್ಷದ ಅಂತರಕ್ಕೆ ಕಾರಣ. ಇದೇ ಸೀಮೆಯ ಆಜರಾದಲ್ಲಿ, ಕೊಲ್ಹಾಪುರವನ್ನು ಆಳಿದ ಶಿಲಾಹಾರರ ಇಮ್ಮಡಿ ಭೋಜನ ಕಾಲದಲ್ಲಿ, ಸೋಮದೇವ ‘ಶಬ್ದಾರ್ಣವಚಂದ್ರಿಕೆ’ ಎಂಬ ವ್ಯಾಕರಣ ಬರೆದ. ಅದರ ಕಾಲ ಶಕ 1127, ಕ್ರೋಧನ ಸಂವತ್ಸರ. ಇಲ್ಲಿ 78 ಕೂಡಿಸಿದರೆ 1205 ಸರಿಯಾಗಿ ಬರುತ್ತದೆ, ಸಂವತ್ಸರವೂ ಹೊಂದುತ್ತದೆ.

ಹೀಗಾಗಿ ಶಕ, ಸಂವತ್ಸರ, ಮಾಸ, ತಿಥಿ ಇವನ್ನು ಇದ್ದಂತೆಯೇ ಮೊದಲು ಬರೆದು, ಕ್ರಿಸ್ತಶಕವನ್ನು ಆಮೇಲೆ ಕೊಡಬೇಕು. ನಾವು ಲೆಕ್ಕ ತಪ್ಪಿದ್ದರೆ ಮುಂದೆ ಬರುವವರು ತಿದ್ದಲು ಮೂಲವಾದರೂ ಕೈಗೆ ಸಿಗುತ್ತದೆ. ಬರಿಯ 1214 ಎಂದು ಬರೆದಿಟ್ಟರೆ ಅವರಿಗೆ ದಾರಿಯೇ ಉಳಿಯುವುದಿಲ್ಲ. ಇದೇ ಕಾರಣಕ್ಕೆ ಈಗ, ಇತ್ತೀಚೆಗೆ, ಹೋದ ವರ್ಷ ಎಂಬ ಮಾತುಗಳೂ ಪುಟದಲ್ಲಿ ಬರಬಾರದು. ಹತ್ತು ವರ್ಷದ ಮೇಲೆ ಓದುವವನಿಗೆ ಇತ್ತೀಚೆಗೆ ಎಂದರೆ ಯಾವಾಗ?

3. ವಿಶೇಷಣ ಬಿಟ್ಟು ಕಂಡದ್ದನ್ನು ಬರೆಯಿರಿ

ಭವ್ಯ, ಪುರಾತನ, ಸುಪ್ರಸಿದ್ಧ, ಐತಿಹಾಸಿಕ ಈ ನಾಲ್ಕನ್ನೂ ನಾನು ಕಂಡಲ್ಲೆಲ್ಲ ತೆಗೆಯುತ್ತೇನೆ. ಕೋಪೇಶ್ವರ ಭವ್ಯ ಎಂದರೆ ಓದುಗನ ಕಣ್ಣಿಗೆ ಏನೂ ಕಟ್ಟುವುದಿಲ್ಲ. 48 ಕಂಬಗಳ ಸ್ವರ್ಗಮಂಟಪ, ಅದರ ನಡುವೆ ಮುಚ್ಚಿಗೆಯಿಲ್ಲದೆ ಆಕಾಶಕ್ಕೆ ತೆರೆದ ದುಂಡು ಜಾಗ ಎಂದು ಬರೆದರೆ ಅವನೇ ತಲೆ ಎತ್ತಿ ನೋಡುತ್ತಾನೆ.

ಊರ ಅಗಸೆಯ ಬಳಿ, ಹನುಮಂತ ದೇವರ ಕಟ್ಟೆಯ ಪಕ್ಕ ನಿಂತ ವೀರಗಲ್ಲುಗಳ ವಿಷಯದಲ್ಲಿ ಇದು ಇನ್ನಷ್ಟು ಮುಖ್ಯ. “ಹಿಂದಿನ ಕಾಲದ ರಾಜನ ಮೂರ್ತಿ” ಎಂದು ಬರೆದುಬಿಡುವ ಚಾಳಿ ಎಲ್ಲ ಕಡೆ ಇದೆ. ಹತ್ತಿರ ಹೋಗಿ ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಕತ್ತಿ ಹಿಡಿದವರೆಷ್ಟು, ದನಗಳಿವೆಯೇ, ಕುದುರೆಯಿದೆಯೇ ನೋಡಿ. ದನಗಳಿದ್ದರೆ ತುರುಗೋಳಿನಲ್ಲಿ ಮಡಿದ ವೀರನ ಕಲ್ಲು ಅದು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ. ಮೇಲೆ ಲಿಂಗಪೂಜೆ, ತುದಿಯಲ್ಲಿ ಸೂರ್ಯಚಂದ್ರ. ಲಿಂಗದ ಜಾಗದಲ್ಲಿ ಜಿನಬಿಂಬವಿದ್ದರೆ ಅದನ್ನು ಹೇಳಿ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರವಿದೆಯೇ ಎಂದು ಬೆರಳಾಡಿಸಿ ನೋಡಿ. ಎಣ್ಣೆ, ಸುಣ್ಣ, ಬಣ್ಣದ ಅಡಿಯಲ್ಲಿ ಎಷ್ಟೋ ಸಾಲುಗಳು ಮುಚ್ಚಿಹೋಗಿವೆ. ಆದರೆ ಅದನ್ನು ಕೆರೆಯಬೇಡಿ. ಓರೆ ಬಿಸಿಲಿನಲ್ಲಿ, ಬೆಳಿಗ್ಗೆ ಅಥವಾ ಸಂಜೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಓದಲು ಬರದಿದ್ದರೆ “ಅಕ್ಷರಗಳಿವೆ, ಓದಿಲ್ಲ” ಎಂದು ಬರೆಯಿರಿ. ಅಷ್ಟಿದ್ದರೂ ಶಾಸನ ಬಲ್ಲವರೊಬ್ಬರು ಆ ಊರಿಗೆ ಹೊರಡಲು ಸಾಕು.

4. ಯಾರು ಹೇಳಿದ್ದು ಎಂಬುದು ವಾಕ್ಯದೊಳಗೇ ಇರಲಿ

ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕೆ.ಜಿ. ಕುಂದಣಗಾರರು ಉತ್ತರ ಕರ್ನಾಟಕದ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು 1939ರಲ್ಲಿ ಪ್ರಕಟಿಸಿದರು. ಇಲ್ಲಿಯ ಕನ್ನಡದ ಹಳೆಯ ಬೇರು ಹುಡುಕುವವರು ಮೊದಲು ತೆರೆಯಬೇಕಾದ ಪುಸ್ತಕ ಅದು. ಅದರ ಹಿಂದೆ 1886ರ ಮುಂಬಯಿ ಪ್ರಾಂತದ ಗೆಜೆಟಿಯರಿನ ಕೊಲ್ಹಾಪುರ ಸಂಪುಟವಿದೆ. ಗೆಜೆಟಿಯರಿನಿಂದ ಜನಸಂಖ್ಯೆ, ಸಂತೆಯ ದಿನಗಳನ್ನು ತೆಗೆದುಕೊಳ್ಳಬಹುದು. ಜಾತಿಗಳ ಸ್ವಭಾವದ ಬಗ್ಗೆ ಅದರಲ್ಲಿರುವ ಮಾತುಗಳನ್ನು ಮಾತ್ರ ಆ ಕಾಲದ ಅಧಿಕಾರಿಗಳ ಅಭಿಪ್ರಾಯವೆಂದು ಹೇಳದೆ ಎತ್ತಿ ಬರೆಯಕೂಡದು.

ಹಿರಿಯರ ಬಾಯಿಮಾತಿನದು ಬೇರೆ ಸಂಗತಿ. ಪ್ರಕಟವಾದ ಆಧಾರವಿಲ್ಲದ್ದನ್ನು ವಿಕಿಪೀಡಿಯ ಒಪ್ಪುವುದಿಲ್ಲ, ಅದು ಸರಿಯಾದ ನಿಯಮವೇ. ಹಾಗೆಂದು ಅಜ್ಜಿಯರು ಹೇಳುವ ಪ್ಲೇಗಿನ ನೆನಪನ್ನು ಬಿಟ್ಟುಕೊಡಬೇಕಿಲ್ಲ. ಹೇಳಿದವರ ಒಪ್ಪಿಗೆ ಪಡೆದು, ಕೇಳಿದ ವರ್ಷ ಸಹಿತ ಊರ ಶಾಲೆಯ ಸ್ಮರಣ ಸಂಚಿಕೆಯಲ್ಲೋ ತಾಲ್ಲೂಕಿನ ಪತ್ರಿಕೆಯಲ್ಲೋ ಅಚ್ಚು ಹಾಕಿಸಿ. ಮುಂದೆ ಪುಟ ತಿದ್ದುವವರಿಗೆ ತೋರಿಸಲು ಒಂದು ಆಧಾರ ಸಿಗುತ್ತದೆ.

5. ಏಕವಚನ, ಬಹುವಚನ

ಕನ್ನಡದಲ್ಲಿ ಶಿಲಾಹಾರ ಅರಸ ಗಂಡರಾದಿತ್ಯ ಆಳಿದ ಎನ್ನುತ್ತೇವೆ, ಶಾಹೂ ಮಹಾರಾಜರು ಆಳಿದರು ಎನ್ನುತ್ತೇವೆ. 1902ರಲ್ಲೇ ಸಂಸ್ಥಾನದ ಹುದ್ದೆಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟ ಶಾಹೂ ಅವರನ್ನು ಕೊಲ್ಹಾಪುರದಲ್ಲಿ ಏಕವಚನದಲ್ಲಿ ಬರೆದರೆ ಓದುಗ ಅಲ್ಲೇ ಪುಟ ಮುಚ್ಚುತ್ತಾನೆ. ಶಾಸನಕಾಲದ ಅರಸರಿಗೆ ಏಕವಚನ, ಜನಮನದಲ್ಲಿ ಬದುಕಿರುವವರಿಗೆ ಬಹುವಚನ ಎಂಬುದು ನಮ್ಮ ರೂಢಿ. ಪರಮಪೂಜ್ಯ, ಸನ್ಮಾನ್ಯ ಯಾರಿಗೂ ಬೇಡ. ನಾನು ಹೆಚ್ಚು ಹಟ ಹಿಡಿಯುವುದು ಇನ್ನೊಂದಕ್ಕೆ. ಇಚಲಕರಂಜಿಯ ನೇಕಾರರ ಬಗ್ಗೆ ಬರೆಯುವಾಗ “ಅವರು ನೇಯುತ್ತಿದ್ದರು, ಹೆಂಡತಿ ಕಂಡಿಕೆ ಸುತ್ತುತ್ತಿದ್ದಳು” ಎಂಬ ವಾಕ್ಯ ಸಲೀಸಾಗಿ ಬಂದುಬಿಡುತ್ತದೆ. ಒಂದೇ ಮನೆಯಲ್ಲಿ, ಒಂದೇ ಸೀರೆಗೆ ದುಡಿದ ಇಬ್ಬರಿಗೂ ಒಂದೇ ವಚನ ಸಲ್ಲಬೇಕು.

6. ಗಡಿಯ ಪ್ರಶ್ನೆಗೆ ಇಸವಿಗಳೇ ಉತ್ತರ

ಕೊಲ್ಹಾಪುರ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಬೆಳಗಾವಿ ಜಿಲ್ಲೆಯ ಚಂದಗಡ ತಾಲ್ಲೂಕು ಕೊಲ್ಹಾಪುರಕ್ಕೆ ಸೇರಿತು. ಎರಡು ರಾಜ್ಯಗಳ ಗಡಿ ವಿವಾದಕ್ಕಾಗಿ 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟು, 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ 247 ಹಳ್ಳಿಗಳನ್ನು ಕರ್ನಾಟಕಕ್ಕೂ ಶಿಫಾರಸು ಮಾಡಿತು. ಮಹಾರಾಷ್ಟ್ರ ಅದನ್ನು ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಪುಟದಲ್ಲಿ ಇಷ್ಟು ಸಾಕು. “ಅನ್ಯಾಯವಾಗಿ” ಎಂಬ ಒಂದು ಪದ ಸೇರಿಸಿದರೆ ರಾತ್ರಿಯೊಳಗೆ ಇನ್ನೊಬ್ಬರು ಅದನ್ನು ತೆಗೆದು ತಮ್ಮ ಪದ ಹಾಕುತ್ತಾರೆ, ಪುಟ ಯಾರಿಗೂ ಬೇಡವಾಗುತ್ತದೆ.

ಸುಳಕೂಡದ ಪುಟಕ್ಕೂ ಇದೇ ಮಾತು. ಅಲ್ಲಿಂದ ಇಚಲಕರಂಜಿಗೆ ಕುಡಿಯುವ ನೀರು ಒಯ್ಯುವ ಯೋಜನೆಯನ್ನು ದೂಧಗಂಗೆಯ ದಂಡೆಯ ರೈತರು ವಿರೋಧಿಸಿದ್ದಾರೆ. ನಗರಕ್ಕೆ ನೀರು ಬೇಕಿರುವುದೂ ಸತ್ಯ, ಬೇಸಿಗೆಯಲ್ಲಿ ನದಿ ಬತ್ತೀತು ಎಂಬ ರೈತರ ಅಂಜಿಕೆಯೂ ಸತ್ಯ. ಯಾರು, ಯಾವ ದಿನ, ಏನು ಹೇಳಿದರು ಎಂದು ಎರಡಕ್ಕೂ ಜಾಗ ಕೊಟ್ಟರೆ ಬರೆಯುವವರ ಕೆಲಸ ಮುಗಿಯಿತು.

7. ಎಲ್ಲ ಊರಿಗೂ ಹೊಂದುವ ವಾಕ್ಯ ಯಾವ ಊರಿನದೂ ಅಲ್ಲ

ಕನ್ನಡ ವಿಕಿಪೀಡಿಯದಲ್ಲಿ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳ ಪುಟಗಳು ಒಂದೇ ಎರಕದಲ್ಲಿ ಹೊಯ್ದಂತಿವೆ. ಪ್ರಮುಖ ಆಹಾರ ಜೋಳದ ರೊಟ್ಟಿ, ಪ್ರಮುಖ ಹಬ್ಬ ಯುಗಾದಿ, ಜನ ಶ್ರಮಜೀವಿಗಳು. ಸುಳ್ಳೇನಲ್ಲ, ಆದರೆ ಊರ ಹೆಸರು ಬದಲಿಸಿದರೂ ವಾಕ್ಯ ಹಾಗೇ ನಿಲ್ಲುತ್ತದೆ. ಅಂಥ ಹತ್ತು ಸಾಲಿಗಿಂತ, ಊರಿನ ಕನ್ನಡ ಶಾಲೆ ಯಾವ ವರ್ಷ ಆರಂಭವಾಯಿತು, ಯಾವ ವರ್ಷ ಮುಚ್ಚಿತು ಎಂಬ ಒಂದು ಸಾಲು ಮೇಲು.

8. ಮೋಡಿ ಬಲ್ಲವರನ್ನು ಹುಡುಕಿ

ಕೊಲ್ಹಾಪುರ ಸಂಸ್ಥಾನದ ಹಳೆಯ ದಫ್ತರ ಬಹುಪಾಲು ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿದೆ. ಈ ಸೀಮೆಯ ಕನ್ನಡ ಮನೆಗಳ ಇನಾಮು ಪತ್ರ, ವತನದ ಕಾಗದ, ಸಾಲದ ಚೀಟಿಗಳೂ ಅದೇ ಲಿಪಿಯಲ್ಲಿ ಟ್ರಂಕುಗಳಲ್ಲಿ ಬಿದ್ದಿವೆ. ಓದಬಲ್ಲವರು ಬಹಳ ಕಡಿಮೆ, ಇರುವವರಲ್ಲಿ ಹೆಚ್ಚಿನವರು ವಯಸ್ಸಾದವರು. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಅಂಥವರಿದ್ದರೆ ಈ ಬೇಸಿಗೆಯಲ್ಲೇ ಅವರ ಜೊತೆ ಕುಳಿತು ಒಂದೊಂದು ಕಾಗದ ಓದಿಸಿ, ಬರೆದುಕೊಳ್ಳಿ. ಮೂಲದ ಫೋಟೊ, ಓದಿದವರ ಹೆಸರು ಜೊತೆಗಿರಲಿ. ಪುಟ ತಿದ್ದುವ ಕೆಲಸವನ್ನು ಆಮೇಲೆ ಯಾರು ಬೇಕಾದರೂ ಮಾಡಬಹುದು, ಆ ಕಾಗದ ಓದುವ ಕೆಲಸವನ್ನು ಈಗಲೇ ಮಾಡಿಸಬೇಕು.